ಗೆದ್ದವರ ಅದೃಷ್ಟಕ್ಕೆ ಲೆಕ್ಕ ಇಡುವುದು ಹೇಗೆ?

2018ರ ಮೇ 28ರ ರಾತ್ರಿ ಹ್ಯೂಸ್ಟನ್ ರಾಕೆಟ್ಸ್ ಆಟಗಾರರು ಸತತವಾಗಿ ಎಸೆದ 27 ತ್ರೀ-ಪಾಯಿಂಟರ್‌ಗಳಲ್ಲಿ, ಅಂದರೆ ಬಿದ್ದರೆ ಮೂರು ಅಂಕ ಸಿಗುವ ದೂರದ ಎಸೆತಗಳಲ್ಲಿ, ಒಂದೂ ಬುಟ್ಟಿಗೆ ಬೀಳಲಿಲ್ಲ. ಅದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಶ್ಚಿಮ ವಿಭಾಗದ ಫೈನಲ್‌ನ ಏಳನೇ ಪಂದ್ಯ, ಆಡಿದ್ದು ತವರು ಅಂಗಳದಲ್ಲಿ, ಅರ್ಧ ಆಟ ಮುಗಿದಾಗ 11 ಅಂಕಗಳ ಮುನ್ನಡೆ ಬೇರೆ. ಕೊನೆಗೆ 101-92ರಲ್ಲಿ ಗೆದ್ದದ್ದು ಗೋಲ್ಡನ್ ಸ್ಟೇಟ್ ವಾರಿಯರ್ಸ್. ಮುಂದಿನ ಸುತ್ತಿನಲ್ಲಿ ಕ್ಲೀವ್‌ಲ್ಯಾಂಡ್ ತಂಡವನ್ನು 4-0ಯಿಂದ ಮಣಿಸಿ ಪ್ರಶಸ್ತಿಯನ್ನೂ ಎತ್ತಿಕೊಂಡಿತು. ಅಂದಿನಿಂದ ಒಂದು ಜಗಳ ನಿಂತಿಲ್ಲ: ಆ ವರ್ಷದ ವಾರಿಯರ್ಸ್ ನಿಜಕ್ಕೂ ಶ್ರೇಷ್ಠರೋ, ಅದೃಷ್ಟವಂತರೋ?

ಮೊದಲು ಆ 27ರ ಲೆಕ್ಕ ನೋಡೋಣ. ಆ ಋತುವಿನಲ್ಲಿ ರಾಕೆಟ್ಸ್ ನೂರು ತ್ರೀ-ಪಾಯಿಂಟರ್ ಎಸೆದರೆ ಸುಮಾರು 36 ಬೀಳುತ್ತಿದ್ದವು. ಅಂದರೆ ಒಂದು ಎಸೆತ ತಪ್ಪುವ ಸಂಭವನೀಯತೆ 0.64. ಅದನ್ನು 27 ಸಲ ಗುಣಿಸಿದರೆ ಸಿಗುವುದು ಸರಿಸುಮಾರು 1.7 ಲಕ್ಷದಲ್ಲಿ ಒಂದು. ಈ ಸಂಖ್ಯೆಯನ್ನು ಮುಂದಿಟ್ಟು ಬೆರಗಾಗುವವರು ಎರಡು ಸಂಗತಿ ಮರೆಯುತ್ತಾರೆ. ಅಂದು ಅವರು ಎಸೆದದ್ದು ಒಟ್ಟು 44, ತಪ್ಪಿನ ಸರಪಳಿ ಅದರಲ್ಲಿ ಎಲ್ಲಿ ಬೇಕಾದರೂ ಶುರುವಾಗಬಹುದಿತ್ತು. ಅದನ್ನು ಸೇರಿಸಿಕೊಂಡರೆ ಲೆಕ್ಕ 24 ಸಾವಿರದಲ್ಲಿ ಒಂದರ ಆಸುಪಾಸಿಗೆ ಇಳಿಯುತ್ತದೆ. ಎರಡನೆಯದಾಗಿ, ಎಸೆತಗಳು ನಾಣ್ಯದ ಚಿಮ್ಮುವಿಕೆಯಂತೆ ಒಂದಕ್ಕೊಂದು ಸಂಬಂಧವಿಲ್ಲದವಲ್ಲ. ಸ್ನಾಯು ನೋವಿನಿಂದ ರಾಕೆಟ್ಸ್‌ನ ತಾರೆ ಕ್ರಿಸ್ ಪಾಲ್ ಹೊರಗುಳಿದಿದ್ದರು, ಉಳಿದವರ ಕಾಲು ಸೋತಿದ್ದವು, ಎದುರಿಗೆ ಕೈ ಚಾಚಿ ನಿಂತಿದ್ದವರು ಆ ಕಾಲದ ಅತ್ಯುತ್ತಮ ರಕ್ಷಣಾ ಆಟಗಾರರಲ್ಲಿ ಕೆಲವರು. ಇವೆಲ್ಲ ಸೇರಿದಾಗ 0.36 ಎಂಬ ಸರಾಸರಿ ಆ ರಾತ್ರಿಗೆ ಅನ್ವಯಿಸುವುದೇ ಇಲ್ಲ. ಇಷ್ಟಾದ ಮೇಲೂ ಅದೃಷ್ಟದ ಪಾಲು ಉಳಿದೇ ಇದೆ, ಆದರೆ ಮೊದಲು ಕಂಡಷ್ಟಲ್ಲ.

ಎಸೆತದ ಏರಿಳಿತ ಎಷ್ಟು ದೊಡ್ಡದೆಂದು ತಿಳಿಯಲು ಇಂಥ ವಿಚಿತ್ರ ರಾತ್ರಿಯೇ ಬೇಕಿಲ್ಲ. 36 ಪ್ರತಿಶತ ಗುರಿಯ ತಂಡವೊಂದು 35 ತ್ರೀ-ಪಾಯಿಂಟರ್ ಎಸೆದರೆ ಹನ್ನೆರಡು-ಹದಿಮೂರು ಬೀಳಬೇಕು. ಅದು ಹತ್ತೇ ಆಗುವುದೂ ಹದಿನೈದಾಗುವುದೂ ತೀರಾ ಮಾಮೂಲಿ. ಈ ಎರಡರ ನಡುವಿನ ಅಂತರವೇ 15 ಅಂಕ. ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಹಂತ, ತಲುಪುವ ಎರಡು ಒಳ್ಳೆಯ ತಂಡಗಳ ನಡುವೆ ಬಲದ ವ್ಯತ್ಯಾಸ ಪಂದ್ಯಕ್ಕೆ ಎರಡು-ಮೂರು ಅಂಕವಿದ್ದರೂ ಅದು ದೊಡ್ಡದೇ. ಒಂದು ರಾತ್ರಿಯ ಗದ್ದಲದಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಕೇಳಿಸುವುದಾದರೂ ಹೇಗೆ?

ಅದಕ್ಕೇ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಜಯ. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಂಭವ 60 ಪ್ರತಿಶತ ಇರುವ ತಂಡ ಇಂಥ ಸರಣಿಯನ್ನು 71 ಪ್ರತಿಶತ ಸಲ ಗೆಲ್ಲುತ್ತದೆ. 70 ಇದ್ದರೆ 87 ಪ್ರತಿಶತ. ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ಪ್ರಶಸ್ತಿಗೆ ಸಾಲಾಗಿ ನಾಲ್ಕು ಸರಣಿ ಗೆಲ್ಲಬೇಕು. 0.71ನ್ನು ನಾಲ್ಕು ಸಲ ಗುಣಿಸಿದರೆ ಉಳಿಯುವುದು ಕಾಲು ಭಾಗ. ಎದುರು ಬಂದ ಯಾರನ್ನೇ ಆದರೂ ಹತ್ತರಲ್ಲಿ ಏಳು ಸಲ ಸೋಲಿಸಬಲ್ಲ ತಂಡ, ಅಂದರೆ ಇತಿಹಾಸದಲ್ಲಿ ಹೆಸರು ಉಳಿಯುವಂಥ ತಂಡ, ಪ್ರಶಸ್ತಿ ಗೆಲ್ಲುವ ಸಂಭವ 58 ಪ್ರತಿಶತ ಮಾತ್ರ. ಐದರಲ್ಲಿ ಎರಡು ಸಲ ಅದಕ್ಕೂ ಬರಿಗೈ. 2016ರಲ್ಲಿ 73 ಪಂದ್ಯ ಗೆದ್ದು ಕೇವಲ 9 ಸೋತಿದ್ದ ವಾರಿಯರ್ಸ್, ಫೈನಲ್‌ನಲ್ಲಿ 3-1ರ ಮುನ್ನಡೆ ಕಳೆದುಕೊಂಡು ಏಳನೇ ಪಂದ್ಯವನ್ನು ನಾಲ್ಕು ಅಂಕಗಳಿಂದ ಸೋತದ್ದು ಈ ಗಣಿತ ಬಲ್ಲವರಿಗೆ ಪವಾಡವಾಗಿ ಕಾಣುವುದಿಲ್ಲ.

ಇಷ್ಟಿದ್ದೂ ಅಮೆರಿಕದ ದೊಡ್ಡ ಆಟಗಳಲ್ಲಿ ಅದೃಷ್ಟಕ್ಕೆ ಅತಿ ಕಡಿಮೆ ಜಾಗವಿರುವುದು ಬ್ಯಾಸ್ಕೆಟ್‌ಬಾಲ್‌ನಲ್ಲಿಯೇ. ಮೈಕೆಲ್ ಲೋಪೆಜ್, ಗ್ರೆಗರಿ ಮ್ಯಾಥ್ಯೂಸ್ ಮತ್ತು ಬೆಂಜಮಿನ್ ಬೌಮರ್ ಎಂಬ ಸಂಖ್ಯಾಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎನ್‌ಬಿಎಯ ಏಳು ಪಂದ್ಯಗಳ ಸರಣಿಯಷ್ಟೇ ಖಚಿತವಾಗಿ ಬಲಿಷ್ಠ ತಂಡವನ್ನು ಆರಿಸಬೇಕೆಂದರೆ ಬೇಸ್‌ಬಾಲ್‌ನಲ್ಲಿ 75 ಪಂದ್ಯಗಳ ಸರಣಿ ಬೇಕಾದೀತು! ಕಾರಣ ಸರಳ. ಒಂದು ಪಂದ್ಯದಲ್ಲಿ ಪ್ರತಿ ತಂಡಕ್ಕೂ ದಾಳಿ ಮಾಡಲು ನೂರರ ಆಸುಪಾಸು ಅವಕಾಶ ಸಿಗುತ್ತದೆ; ಅಂಗಳದಲ್ಲಿರುವವರು ಐದೇ ಜನ, ಅತ್ಯುತ್ತಮ ಆಟಗಾರ ಬಹುಪಾಲು ಹೊತ್ತು ಆಡುತ್ತಲೇ ಇರುತ್ತಾನೆ.

ಆದರೆ ಜಗಳ ತೀರದಿರುವುದಕ್ಕೆ ಬೇರೆಯೇ ಕಾರಣವಿದೆ ಅನ್ನಿಸುತ್ತದೆ ನನಗೆ. ಪ್ಲೇಆಫ್ ಶುರುವಾಗುವಾಗ ಹದಿನಾರು ತಂಡ, ಮುಗಿದಾಗ ಒಂದು. ನಡುವೆ ಎಲ್ಲೋ ಒಂದು ಚೆಂಡು ರಿಂಗಿಗೆ ಬಡಿದು ಒಳಗೆ ಬಿದ್ದಿರುತ್ತದೆ, ಎದುರಾಳಿಯ ಮಂಡಿ ಉಳುಕಿರುತ್ತದೆ. ಹುಡುಕಿದರೆ ಪ್ರತಿ ವಿಜೇತರ ಕಥೆಯಲ್ಲೂ ಇದು ಸಿಕ್ಕೇ ಸಿಗುತ್ತದೆ, ಏಕೆಂದರೆ ಸಿಗದವರು ದಾರಿಯಲ್ಲೇ ಉದುರಿಹೋಗಿರುತ್ತಾರೆ. ಗೆದ್ದೆತ್ತಿನ ಬಾಲ ಹಿಡಿಯುವವರು ಇದನ್ನು ಕಾಣದಂತಿರುತ್ತಾರೆ, ಸೋತವರ ಅಭಿಮಾನಿಗಳು ಇದನ್ನೊಂದನ್ನೇ ಕಾಣುತ್ತಾರೆ. ಹಾಗಾಗಿ ಕೇಳಬೇಕಾದದ್ದು ಅದೃಷ್ಟವಿತ್ತೇ ಎಂದಲ್ಲ, ಎಷ್ಟು ಬೇಕಾಯಿತು ಎಂದು.

ಅದಕ್ಕೆ ಒಂದು ಒರಟು ಅಳತೆಗೋಲಿದೆ: ಋತುವಿನ 82 ಪಂದ್ಯಗಳಲ್ಲಿ ತಂಡದ ಸರಾಸರಿ ಅಂಕಗಳ ಅಂತರ. ಒಂದು ಅಂಕದ ಗೆಲುವು, ಒಂದು ಅಂಕದ ಸೋಲು ಎರಡೂ ಹೆಚ್ಚುಕಡಿಮೆ ಒಂದೇ ಆಟದ ಫಲ. ಗೆಲುವುಗಳನ್ನು ಎಣಿಸುವುದಕ್ಕಿಂತ ಅಂತರ ನೋಡುವುದು ಮುಂದಿನದನ್ನು ಹೇಳಲು ವಾಸಿ. 1996ರ ಶಿಕಾಗೊ ಬುಲ್ಸ್ ಪ್ರತಿ ಪಂದ್ಯಕ್ಕೆ ಸರಾಸರಿ 12 ಅಂಕಕ್ಕಿಂತ ಮುಂದಿತ್ತು. ಅಷ್ಟು ಮುಂದಿದ್ದವರಿಗೆ ಕೆಟ್ಟ ರಾತ್ರಿಯೂ ಸಹನೀಯ. ಅದರ ಹಿಂದಿನ ವರ್ಷ ಗೆದ್ದ ಹ್ಯೂಸ್ಟನ್ ರಾಕೆಟ್ಸ್‌ನ ಅಂತರ ಎರಡೇ ಅಂಕದಷ್ಟು. ತಮ್ಮ ವಿಭಾಗದ ಆರನೇ ಸ್ಥಾನದಿಂದ ಬಂದು ಪ್ರಶಸ್ತಿ ಗೆದ್ದ ಏಕೈಕ ತಂಡ ಅದು. ಫೈನಲ್‌ನ ಮೊದಲ ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಒರ್ಲ್ಯಾಂಡೊದ ನಿಕ್ ಆ್ಯಂಡರ್ಸನ್ ಸತತ ನಾಲ್ಕು ಫ್ರೀ ಥ್ರೋ (ಎದುರಾಳಿಯ ಅಡ್ಡಿಯಿಲ್ಲದ ಎಸೆತ) ತಪ್ಪಿಸಿದರು. ಹತ್ತರಲ್ಲಿ ಏಳು ಹಾಕುವವರಿಗೆ ಹಾಗಾಗುವ ಸಂಭವ ನೂರರಲ್ಲಿ ಒಂದಕ್ಕಿಂತ ಕಡಿಮೆ. ಹಾಗಾದರೆ ಅದೃಷ್ಟವೇ? ತಡೆಯಿರಿ. ಆ ರಾಕೆಟ್ಸ್ ದಾರಿಯಲ್ಲಿ ಸೋಲಿಸಿದ ನಾಲ್ಕೂ ತಂಡಗಳು 57ಕ್ಕೆ ಕಡಿಮೆಯಿಲ್ಲದಂತೆ ಪಂದ್ಯ ಗೆದ್ದಂಥವು, ಫೈನಲ್ ಮುಗಿದದ್ದು 4-0ಯಲ್ಲಿ. ಋತುವಿನ ನಡುವೆ ತಾರಾ ಆಟಗಾರ ಕ್ಲೈಡ್ ಡ್ರೆಕ್ಸ್ಲರ್ ಬಂದು ಸೇರಿದ್ದರು. ಹಳೆಯ ಸರಾಸರಿ ಹೊಸ ತಂಡದ ಬಲವನ್ನು ಪೂರ್ತಿ ತೋರಿಸಿರಲಿಲ್ಲ. ಅಳತೆಗೋಲೂ ತಪ್ಪಬಹುದು.

ನನಗೆ ಹೆಚ್ಚು ಕುತೂಹಲ 2019ರ ಟೊರಾಂಟೊ ರ‍್ಯಾಪ್ಟರ್ಸ್ ಬಗ್ಗೆ. ಫಿಲಡೆಲ್ಫಿಯಾ ವಿರುದ್ಧದ ಏಳನೇ ಪಂದ್ಯದ ಕೊನೆಯ ಕ್ಷಣ ಕವಾಯ್ ಲೆನಾರ್ಡ್ ಎಸೆದ ಚೆಂಡು ರಿಂಗಿನ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಅದು ಹೊರಗೆ ಬಿದ್ದಿದ್ದರೆ ಟೊರಾಂಟೊ ಕಥೆ ಮುಗಿಯುತ್ತಿತ್ತು ಎನ್ನುವವರೇ ಹೆಚ್ಚು. ಆಗ ಅಂಕ 90-90 ಸಮ ಇತ್ತು. ತಪ್ಪಿದ್ದರೆ ಇನ್ನೈದು ನಿಮಿಷ ಹೆಚ್ಚುವರಿ ಆಟ, ಹೆಚ್ಚುಕಡಿಮೆ ಸಮಬಲದ ಸ್ಪರ್ಧೆ. ಅಂದರೆ ಆ ನಾಲ್ಕು ಪುಟಿತ ತಂದುಕೊಟ್ಟದ್ದು ಒಂದು ಸರಣಿಯನ್ನಲ್ಲ, ಅರ್ಧ ಸರಣಿಯನ್ನು. ಆಮೇಲೆ 60 ಪಂದ್ಯ ಗೆದ್ದಿದ್ದ ಮಿಲ್ವಾಕೀ ಎದುರು 0-2ರಿಂದ ಹಿಂದೆ ಬಿದ್ದು ಸತತ ನಾಲ್ಕು ಗೆದ್ದರು. ಫೈನಲ್‌ನಲ್ಲಿ ವಾರಿಯರ್ಸ್‌ನ ತಾರೆ ಕೆವಿನ್ ಡುರಾಂಟ್ ಗಾಯದಿಂದಾಗಿ ಆಡಿದ್ದು ಒಂದೇ ಪಂದ್ಯದ ಕೆಲವು ನಿಮಿಷ, ಕ್ಲೇ ಥಾಂಪ್ಸನ್ ಆರನೇ ಪಂದ್ಯದಲ್ಲಿ ಮಂಡಿಯ ಪೆಟ್ಟಿನಿಂದ ಹೊರನಡೆದರು. ಇದು ಟೊರಾಂಟೊಗೆ ಒಲಿದ ಅದೃಷ್ಟ, ಅನುಮಾನವಿಲ್ಲ. ಆದರೆ ವಾರಿಯರ್ಸ್ ಸತತ ಐದನೇ ಫೈನಲ್ ಆಡುತ್ತಿದ್ದವರು, ಅಷ್ಟು ವರ್ಷಗಳ ಹೆಚ್ಚುವರಿ ಆಟ ಮೈಮೇಲಿತ್ತು. ಅತ್ತ ಟೊರಾಂಟೊ ಲೆನಾರ್ಡ್‌ಗೆ ಋತುವಿನಲ್ಲಿ ಬೇಕೆಂದೇ ಬಿಡುವು ಕೊಡುತ್ತ 60 ಪಂದ್ಯಗಳಲ್ಲಷ್ಟೇ ಆಡಿಸಿತ್ತು. ಗಾಯದ ಲಾಟರಿಯಲ್ಲೂ ಚೀಟಿಗಳನ್ನು ಸ್ವಲ್ಪಮಟ್ಟಿಗೆ ನಾವೇ ಬರೆಯಬಹುದು.

ಆ ಪ್ರಶಸ್ತಿಯ ಬಗ್ಗೆ ನನಗೆ ಸಿಕ್ಕ ಅತ್ಯಂತ ಗಟ್ಟಿ ಸಾಕ್ಷಿ ಇರುವುದು ಮುಂದಿನ ಋತುವಿನಲ್ಲಿ. ಲೆನಾರ್ಡ್ ತಂಡ ಬಿಟ್ಟುಹೋದರು. ಉಳಿದವರು 53 ಗೆದ್ದು 19 ಸೋತರು. ಗೆಲುವಿನ ಪ್ರಮಾಣ 73.6 ಪ್ರತಿಶತ, ಪ್ರಶಸ್ತಿ ಗೆದ್ದ ವರ್ಷದ 70.7ಕ್ಕಿಂತ ಹೆಚ್ಚು. ಎರಡನೇ ಸುತ್ತಿನಲ್ಲಿ ಬಾಸ್ಟನ್ ಎದುರು ಏಳನೇ ಪಂದ್ಯವನ್ನು 92-87ರಲ್ಲಿ ಸೋತು ಮನೆಗೆ ಹೋದರು. ಆ ತಂಡ ದುರದೃಷ್ಟದ್ದೋ ಸಾಧಾರಣದ್ದೋ ಎಂದು ಮಾತ್ರ ಯಾರೂ ಜಗಳವಾಡುತ್ತಿಲ್ಲ.