ಗಂಡಸರ ಕಿವಿಗೆ ಬೀಳದ ಹಾಡು

ಗರ್ಭಪಾತದ ಹಕ್ಕಿಗಾಗಿ ದೊಡ್ಡ ಕಂಪನಿಗಳ ಹಂಗಿಲ್ಲದ ಅಮೆರಿಕದ ಸ್ವತಂತ್ರ ಬ್ಯಾಂಡುಗಳು ಕಟ್ಟಿದ ಹಾಡುಗಳು ಈಗ ಶಿರಸಿ, ಕಾರವಾರದ ಕಾಲೇಜು ಹುಡುಗರ ಮೊಬೈಲಿನಲ್ಲೂ ಸಿಗುತ್ತವೆ. ಜೊತೆಗೆ ತಕರಾರೂ ಹುಟ್ಟಿದೆ. ನಮ್ಮಲ್ಲಿ ಕಾನೂನು ಎಂದೋ ಬಂದಿದೆ, ಇನ್ನು ಹಾಡುವುದೇನಿದೆ ಎನ್ನುವವರು ಕೆಲವರು. ಇದೆಲ್ಲ ಹೊರಗಿನಿಂದ ತಂದ ಗಲಾಟೆ ಎನ್ನುವವರು ಕೆಲವರು. ಎರಡು ಬೇರೆ ಬೇರೆ ಇತಿಹಾಸಗಳು ಒಂದರೊಳಗೊಂದು ಸಿಕ್ಕಿಕೊಂಡಿರುವುದರಿಂದ ಈ ಗೊಂದಲ.

ಅಮೆರಿಕದ್ದು ಗರ್ಭಪಾತ ಕೂಡದೆನ್ನುವ ಸರ್ಕಾರದ ವಿರುದ್ಧದ ಹಾಡು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ಗರ್ಭಪಾತದ ಹಕ್ಕು ಅಲುಗಾಡತೊಡಗಿದಾಗ, 1991ರಲ್ಲಿ ಎಲ್7 ಎಂಬ ಹೆಣ್ಣುಮಕ್ಕಳ ಬ್ಯಾಂಡ್ ಆ ಹಕ್ಕಿನ ಪರವಾದ ‘ರಾಕ್ ಫಾರ್ ಚಾಯ್ಸ್’ ಎಂಬ ಸಂಗೀತ ಕಾರ್ಯಕ್ರಮಗಳನ್ನು ಆರಂಭಿಸಿತು. ಅದರ ಮೊದಲ ಕಾರ್ಯಕ್ರಮದಲ್ಲಿ ನಿರ್ವಾಣ ತಂಡದ ಹುಡುಗರೂ ನುಡಿಸಿದರು. 2022ರ ಜೂನ್‌ನಲ್ಲಿ ಆ ಹಕ್ಕು ಹೋಯಿತು. ಅಕ್ಟೋಬರಿನಲ್ಲಿ ಹಲವು ಕಲಾವಿದರು ಹಾಡುಗಳ ಸಂಕಲನವೊಂದನ್ನು ಒಂದೇ ದಿನದ ಮಟ್ಟಿಗೆ ಮಾರಿ ಹಣ ಕೂಡಿಸಿದರು.

ನಮ್ಮಲ್ಲಿ ಮಕ್ಕಳು ಕಡಿಮೆ ಇರಲೆಂದು ಸರ್ಕಾರವೇ ಹಾಡಿತು. 1930ರಲ್ಲಿ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಾಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು. 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆ ಕಾರ್ಯಕ್ರಮ, 1956ರಲ್ಲಿ ರಾಜ್ಯದ ಏಕೀಕರಣ, 1968ರಲ್ಲಿ ಹದಿನೈದು ಪೈಸೆಗೆ ಮೂರು ನಿರೋಧ್ ಕಾಂಡೋಮ್. ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನ ಹೊತ್ತ ಗೋಡೆಗಳ ಮುಂದೆ ಲಾವಣಿಕಾರರು, ಹರಿದಾಸರು ಇಲಾಖೆ ಬರೆದುಕೊಟ್ಟದ್ದನ್ನು ಹಾಡಿದರು. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಘೋಷಣೆ ಮನೆಮನೆಯ ಮಾತಾಯಿತು. ಎರಡೇ ಮಕ್ಕಳು ಸಾಕೆಂದು ಹೇಳುವ ಭರದಲ್ಲಿ ಮಗಳ ಕೈಗೆ ತಟ್ಟೆಯನ್ನೂ ಮಗನ ತಲೆಗೆ ಕಿರೀಟವನ್ನೂ ಕೊಟ್ಟು ಮುಗಿಸಿದ ಘೋಷಣೆ ಅದು. ಆಗ ಅದು ಯಾರಿಗೂ ಚುಚ್ಚಿದಂತಿಲ್ಲ.

ತುರ್ತುಪರಿಸ್ಥಿತಿಯಲ್ಲಿ ಹಾಡು ಹೋಗಿ, ಇಷ್ಟು ಆಪರೇಷನ್ ಆಗಲೇಬೇಕೆಂಬ ಗುರಿ ಬಂತು. ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು, ಎಷ್ಟೋ ಕಡೆ ಬಲವಂತದಿಂದ. 1977ರ ಚುನಾವಣೆಯ ಸೋಲಿನ ನಂತರ ಗಂಡಸರ ಆಪರೇಷನ್ ಎಂದು ಬಾಯಿಬಿಡಲು ಸರ್ಕಾರಗಳು ಹೆದರಿದವು. ಭಾರವೆಲ್ಲ ಹೆಂಗಸರ ಮೇಲೆ ಸರಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ವಿವಾಹಿತರಲ್ಲಿ ಹೆಂಗಸಿನ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದವರು ಶೇ 37.9, ಗಂಡಸಿನದನ್ನು ನೆಚ್ಚಿದವರು ಶೇ 0.3. ಹೀಗಾಗಿ ಸಂತಾನದ ಹಕ್ಕು ಎಂದರೆ ಇಲ್ಲಿ ಗರ್ಭಪಾತವೊಂದೇ ಅಲ್ಲ. ಬಲವಂತಕ್ಕೆ ಒಳಗಾಗದಿರುವುದೂ ಹೌದು, ಹೊಣೆ ಹಂಚಿಕೊಳ್ಳುವುದೂ ಹೌದು. ಗರ್ಭಪಾತದ ಕಾನೂನು 1971ರಲ್ಲೇ ಬಂತು, 2021ರಲ್ಲಿ ಸಡಿಲವಾಯಿತು. ಅವಿವಾಹಿತೆಯರಿಗೂ ಸಮಾನ ಅವಕಾಶವಿದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಆದರೂ ಸಹಿ ಕೇಳುವ ರೂಢಿ ಅಳಿದಿಲ್ಲ.

ಗಂಡಸರನ್ನೇ ಎದುರಿಗೆ ನಿಲ್ಲಿಸಿಕೊಂಡ ಹಾಡು ಉತ್ತರ ಕನ್ನಡದಲ್ಲಿ ಹುಟ್ಟಿದ್ದು ಬೇರೊಂದು ಕಾರಣಕ್ಕೆ: ಸಾರಾಯಿ. ಇಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯದಲ್ಲಿ ತಲೆಗೆ ತುರಾಯಿ ಕಟ್ಟಿ ಸುಗ್ಗಿ ಕುಣಿಯುವವರು ಗಂಡಸರು. ನಾಟಿಯ ಗದ್ದೆಯಿಂದ ಮದುವೆಯ ಚಪ್ಪರದವರೆಗೆ ಪದ ಹೇಳುವವರು ಹೆಂಗಸರು. ಬಸುರಿ, ಬಾಣಂತಿ, ತೊಟ್ಟಿಲು ಎಲ್ಲಕ್ಕೂ ಹಾಡಿದೆ, ಆದರೆ ಕೇಳುವವರೂ ಹೆಂಗಸರೇ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಈ ಪದಗಳನ್ನು ತಾಯಿಯಿಂದ ಕಲಿತವರು, ಶಾಲೆಯಲ್ಲಿ ಓದಿದವರಲ್ಲ. ಹೊನ್ನಾವರ ಬಳಿಯ ಕಾಸರಕೋಡಿನ ಸ್ನೇಹಕುಂಜ ಸಂಸ್ಥೆಯ ವೈದ್ಯೆ ಡಾ. ಕುಸುಮಾ ಸೊರಬ ಅವರು ಸಾರಾಯಿ ವಿರೋಧಿ ಚಳವಳಿ ಕಟ್ಟಿದಾಗ ಸುಕ್ರಜ್ಜಿಯೂ ಅದರಲ್ಲಿದ್ದರು. ಕ್ಯಾಸೆಟ್ ಕಂಪನಿಯಿಲ್ಲ, ಪ್ರಾಯೋಜಕರಿಲ್ಲ, ಮೈಕ್ ಕೂಡ ಬೇಕಿರಲಿಲ್ಲ. ಸ್ವತಂತ್ರ ಸಂಗೀತವೆಂದರೆ ಗಿಟಾರೇ ಇರಬೇಕೆಂಬ ನಿಯಮ ಯಾರು ಮಾಡಿದರೋ ಕಾಣೆ. ಕುಡಿಯುವ ಗಂಡ ಮನೆಗೆ ಏನು ತರುತ್ತಾನೆ, ಏನು ಒಯ್ಯುತ್ತಾನೆ ಎಂಬ ಲೆಕ್ಕವನ್ನು ಹೆಂಗಸರು ಬೀದಿಯಲ್ಲಿ ನಿಂತು ಕೇಳಿದ್ದು ಗಂಡಸುತನದ ಬಗ್ಗೆ ಈ ಕರಾವಳಿಯಲ್ಲಿ ನಡೆದ ದೊಡ್ಡ ಬಹಿರಂಗ ಚರ್ಚೆ ಎಂದರೆ ಉತ್ಪ್ರೇಕ್ಷೆಯಲ್ಲ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಬಾಟಲಿಯ ಮದ್ಯ ನಿಲ್ಲಲಿಲ್ಲ. 2017ರಲ್ಲಿ ಸುಕ್ರಜ್ಜಿಗೆ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಆ ಚರ್ಚೆ ಕುಡಿತದಿಂದ ಮುಂದೆ, ಮಲಗುವ ಕೋಣೆಯವರೆಗೆ ಬರಲಿಲ್ಲ. ಗಂಡಸಿಗೆ ಸಂತಾನಹರಣದ ಆಪರೇಷನ್ ಆದರೆ ದಡಕ್ಕೆ ಎಳೆಯುವ ದೊಡ್ಡ ರಂಪಣಿ ಬಲೆ ಎಳೆಯಲು ಕಸುವು ಉಳಿಯದು, ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರ ಹತ್ತಲಾರ ಎಂಬ ಭಯ ಈಗಲೂ ಇದೆ. ವಾಸ್ತವದಲ್ಲಿ ಹೊಲಿಗೆಯಿಲ್ಲದ ಆ ಶಸ್ತ್ರಚಿಕಿತ್ಸೆಗೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಅದೇ ದಿನ ಮನೆಗೆ ಹೋಗಬಹುದು, ಕೆಲವು ದಿನ ಭಾರ ಎತ್ತಬಾರದು, ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಸರಿಯೆನ್ನುವವರೆಗೆ ಬೇರೆ ಗರ್ಭನಿರೋಧಕ ಬಳಸಬೇಕು, ಅಷ್ಟೆ. ಇದನ್ನು ಗಂಡಸರಿಗೆ ಹೇಳುವವರು ಯಾರು? ಆಶಾ ಕಾರ್ಯಕರ್ತೆಯರೆಲ್ಲ ಹೆಂಗಸರು. ಅವರ ಮಾತು ಅಡುಗೆಮನೆಯ ಬಾಗಿಲಲ್ಲಿ ನಡೆಯುತ್ತದೆ, ಗಂಡ ದೋಣಿಯಲ್ಲೋ ತೋಟದಲ್ಲೋ ಇರುತ್ತಾನೆ. ಮೊಬೈಲಿನ ಹಾಡಿಗೆ ಮಾತ್ರ ಅಲ್ಲಿಗೂ ದಾರಿಯಿದೆ. ಕೋಣೆಯಲ್ಲೇ ಕುಳಿತು ದಾಖಲಿಸಿ ಯೂಟ್ಯೂಬಿಗೆ ಏರಿಸುವ ಇಂದಿನ ಹುಡುಗರಿಗೆ ಇಲಾಖೆಯ ಸಾಹಿತ್ಯವೂ ಬೇಕಿಲ್ಲ, ಆಪರೇಷನ್‌ಗಳ ಗುರಿಯೂ ಇಲ್ಲ. ಸರ್ಕಾರದ ಪುರುಷ ಸಂತಾನಹರಣ ಪಾಕ್ಷಿಕವಂತೂ ಪ್ರತಿವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ನಡೆಯುತ್ತದೆ. ಕಾರವಾರದ ದೋಣಿಗಳು ಕಡಲಲ್ಲಿರುವ, ಶಿರಸಿಯಲ್ಲಿ ಅಡಿಕೆ ಕೊನೆ ಕೊಯ್ಲು ಆರಂಭವಾಗುವ ಹೊತ್ತು ಅದು. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಗಂಡಸರು ದಡದಲ್ಲೇ ಇರುವ ಜೂನ್, ಜುಲೈ ತಿಂಗಳುಗಳಲ್ಲಿ ಗಂಡಸರಿಗೆಂದೇ ಮೀಸಲಾದ ಅಂಥ ಪಾಕ್ಷಿಕವಿಲ್ಲ.