ಸ್ಟೇರಿಂಗ್ ಹಿಡಿದು ತೂಕಡಿಸುವವರಿಗೆ ಒಂದು ಟಿಪ್ಪಣಿ

ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ ನನ್ನ ಜೊತೆ ಓದುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ರಸ್ತೆ ಚಿಹ್ನೆಗಳೆಲ್ಲ ನಿಮಗೆ ಬಾಯಿಪಾಠ ಆಗಿರುತ್ತವೆ, ಅದು ಬಿಡಿ. ನಿದ್ದೆಯ ಪಾಠ ಬಂದಾಗ ಮಾತ್ರ "ಇದೇನು ಗೊತ್ತಿಲ್ದೇ ಇರೋದಾ" ಅಂತ ಪುಟ ತಿರುಗಿಸುತ್ತೇವೆ. ನಾನೂ ಹಾಗೇ ಮಾಡಿದ್ದೆ.

ಮೊದಲು ನನ್ನದೇ ಕಥೆ. ಮಡಿಕೇರಿ ದಸರಾದ ಕೊನೆಯ ರಾತ್ರಿ ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪಗಳನ್ನೂ ನೋಡಿ ಮುಗಿಸುವಾಗ ಬೆಳಗಿನ ಐದೂವರೆ. ಕುಶಾಲನಗರಕ್ಕೆ ಸುಮಾರು 30 ಕಿ.ಮೀ., ಅಷ್ಟೇ ತಾನೆ ಅಂತ ಕಾರು ಹತ್ತಿದೆ. ಹಿಂದೆ ಅತ್ತೆ ಮಕ್ಕಳು ಮಲಗಿದ್ದರು, ಪಕ್ಕದಲ್ಲಿ ಮಾವ. ಬೋಯಿಕೇರಿ ತನಕ ನೆನಪಿದೆ. ಆಮೇಲೆ ನೆನಪಿರೋದು ಎಡಗಡೆ ಚಕ್ರ ಮಣ್ಣಿಗಿಳಿದ ಗರಗರ ಸದ್ದು, ಮಾವ ನನ್ನ ತೊಡೆಗೆ ಹೊಡೆದು "ಏಯ್, ಎಲ್ಲಿಗೆ ಹೋಗ್ತಿದ್ದೀಯಾ?" ಅಂದಿದ್ದು. ನೋಡಿದರೆ ಗುಡ್ಡೆಹೊಸೂರು! ಸುಂಟಿಕೊಪ್ಪ ಪೇಟೆ ಯಾವಾಗ ದಾಟಿತೋ ಗೊತ್ತಿಲ್ಲ. ಕಣ್ಣು ಮುಚ್ಚಿರಲಿಲ್ಲ ಅಂತ ನಾನು ಆಣೆ ಹಾಕಲೂ ತಯಾರಿದ್ದೆ.

ಇದಕ್ಕೆ ಮೈಕ್ರೋಸ್ಲೀಪ್ ಅನ್ನುತ್ತಾರೆ. ನಮ್ಮ ಮಾತಲ್ಲಿ ಜೋಂಪು ಹತ್ತೋದು. ಕೆಲವೇ ಸೆಕೆಂಡು ಮಿದುಳು ನಿದ್ದೆಗೆ ಜಾರುತ್ತದೆ, ನನಗಾದ ಹಾಗೆ ದಾರಿಯುದ್ದ ಮತ್ತೆ ಮತ್ತೆ ಜಾರಲೂಬಹುದು, ಕಣ್ಣು ತೆರೆದೇ ಇದ್ದರೂ ಹೀಗಾಗಬಹುದು. ಲೆಕ್ಕ ಹಾಕಿ ನೋಡಿ: ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಹದಿನಾರು ಮೀಟರ್‌ಗಿಂತ ಜಾಸ್ತಿ ಓಡುತ್ತದೆ. ನಾಲ್ಕು ಸೆಕೆಂಡಿಗೆ ಸುಮಾರು 67 ಮೀಟರ್. ಐದಾರು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ದೂರ ಡ್ರೈವರ್ ಇಲ್ಲದ ಗಾಡಿ! ನಿದ್ದೆ ಹೋದವನು ಬ್ರೇಕ್ ಒತ್ತುವುದಿಲ್ಲ, ಅದಕ್ಕೇ ಇಂಥ ಅಪಘಾತದಲ್ಲಿ ಪೆಟ್ಟು ಪೂರ್ತಿ ವೇಗದಲ್ಲೇ ಬೀಳುತ್ತದೆ.

ಯಾಕೆ ಹೀಗೆ? ಎಚ್ಚರ ಇರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಜಾಸ್ತಿ ಆದಷ್ಟೂ ನಿದ್ದೆ ಎಳೆಯುತ್ತದೆ, ಮಲಗಿದರೆ ಮಾತ್ರ ಇಳಿಯುತ್ತದೆ. ಇದರ ಜೊತೆ ದೇಹದೊಳಗೆ ಒಂದು ಗಡಿಯಾರ ಬೇರೆ ಇದೆ. ರಾತ್ರಿ ಎರಡರಿಂದ ಬೆಳಗ್ಗೆ ಆರರವರೆಗೆ ಅದು "ಮಲಗು" ಅಂತ ಜೋರಾಗಿ ಹೇಳುತ್ತದೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸ್ವಲ್ಪ ಮೆತ್ತಗೆ. ಶುಕ್ರವಾರ ಆಫೀಸು ಮುಗಿಸಿ ರಾತ್ರಿಯೇ ಬೆಂಗಳೂರು ಬಿಟ್ಟು ಮಾಂದಲ್‌ಪಟ್ಟಿಯಲ್ಲಿ ಸೂರ್ಯೋದಯ ನೋಡಬೇಕು ಅಂತ ಬರುವವರು ನಮ್ಮ ರಸ್ತೆ ಮುಟ್ಟೋದು ಸರಿಯಾಗಿ ಆ ಹೊತ್ತಿಗೇ. ಎದುರಿನಿಂದ ಬರುವವನ ಕಣ್ಣಲ್ಲಿ ನಿದ್ದೆ ಇದೆ ಅಂತ ಇಟ್ಟುಕೊಂಡೇ ಓಡಿಸಿ.

ಒಂದು ಹೋಲಿಕೆ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಸತತ 17 ಗಂಟೆ ಎಚ್ಚರ ಇದ್ದವನ ಕೈಕಾಲಿನ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಅಂತ ಅಧ್ಯಯನಗಳಲ್ಲಿ ಕಂಡಿದೆ. 24 ಗಂಟೆ ಆದರೆ ಅದು ಸುಮಾರು 100 ಮಿ.ಗ್ರಾಂ.ಗೆ ಸಮ. ನಮ್ಮ ಕಾನೂನಿನ ಮಿತಿ 30. ಅಂದ್ರೆ ಆ ದಸರಾ ಬೆಳಗ್ಗೆ ನಾನು ಒಂದು ಹನಿಯೂ ಕುಡಿಯದೆ ಮಿತಿಯ ಮೂರು ಪಟ್ಟು ದಾಟಿದವನ ಹಾಗೆ ಓಡಿಸುತ್ತಿದ್ದೆ. ಊದಿಸಿದ್ದರೆ ಮಿಷನ್ ಸೊನ್ನೆ ತೋರಿಸುತ್ತಿತ್ತು.

"ನಮ್ದು ಘಾಟಿ ರಸ್ತೆ, ತಿರುವಿನಲ್ಲಿ ಯಾರಿಗೆ ನಿದ್ದೆ ಬರುತ್ತೆ?" ಅನ್ನುವವರಿದ್ದಾರೆ. ಅರ್ಧ ನಿಜ. ಸಂಪಾಜೆಯಲ್ಲೋ ಮಾಕುಟ್ಟದಲ್ಲೋ ಕೈಗೆ ಕೆಲಸ ಇರುತ್ತದೆ, ಮನಸ್ಸು ಬಿಗಿಯಾಗಿರುತ್ತದೆ. ಕಷ್ಟ ಶುರುವಾಗೋದು ಘಾಟಿ ಮುಗಿದ ಮೇಲೆ. ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ರಸ್ತೆ ನೇರ ಆಗುತ್ತದೆ, ಗೇರ್ ಬದಲಿಸುವ ಕೆಲಸವಿಲ್ಲ, ಎಂಜಿನ್ ಒಂದೇ ರಾಗ ಹಾಡುತ್ತಿರುತ್ತದೆ. ಅಲ್ಲಿಯ ತನಕ ತಡೆದಿಟ್ಟ ಆಯಾಸ ಅಲ್ಲಿ ಬಂದು ಕೂರುತ್ತದೆ. ಮಳೆಗಾಲದ ಮಂಜಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಬಂದಿದ್ದರೆ ಇನ್ನೂ ಬೇಗ.

ಇನ್ನು ಉಪಾಯಗಳು. ಕಿಟಕಿ ಇಳಿಸೋದು, ಹಾಡು ಜೋರು ಮಾಡೋದು, ಮುಖಕ್ಕೆ ನೀರು, ಇವೆಲ್ಲ ಕೆಲವು ನಿಮಿಷದ ಆಟ. ಕಾಫಿ? ಕಾಫಿ ನಾಡಲ್ಲಿ ಹುಟ್ಟಿಯೂ ನನಗೆ ಗೊತ್ತಿರಲಿಲ್ಲ: ಕೆಫೀನ್ ಆಯಾಸ ಕಳೆಯುವುದಿಲ್ಲ, ಅಡೆನೊಸಿನ್ ಕೂರುವ ಜಾಗದಲ್ಲಿ ತಾನು ಕೂತು ಅದನ್ನು ಮರೆಮಾಡುತ್ತದೆ, ಅಷ್ಟೆ. ಅದೂ ಕುಡಿದ ಕೂಡಲೇ ಅಲ್ಲ, ಇಪ್ಪತ್ತು ಮೂವತ್ತು ನಿಮಿಷ ಬೇಕು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಅರ್ಧ ಚಿಕೋರಿ ಬೆರೆತ ಹೋಟೆಲ್ ಕಾಫಿಯನ್ನು ನಂಬಬೇಡಿ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಇರುತ್ತದೆ, ಮನೆಯ ರೊಬಸ್ಟಾ ಪುಡಿಯ ಬೆಲ್ಲದ ಕಾಫಿ ಫ್ಲಾಸ್ಕಿಗೆ ಹಾಕಿಕೊಂಡರೆ ಒಳ್ಳೇದು.

ನಿಜವಾಗಿ ಕೆಲಸ ಮಾಡುವ ಕ್ರಮ ಹೀಗೆ. ಗಾಡಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ತಕ್ಷಣ ಸೀಟು ಹಿಂದೆ ಮಾಡಿ ಮಲಗಿ. 20 ನಿಮಿಷಕ್ಕೆ ಅಲಾರಂ. ಏಳುವಾಗ ಕೆಫೀನ್ ಹತ್ತುತ್ತಿರುತ್ತದೆ, ಅಡೆನೊಸಿನ್ ಸ್ವಲ್ಪ ಇಳಿದಿರುತ್ತದೆ. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಹೋಗಿ ಎದ್ದಾಗ ತಲೆ ಮಂಕಾಗಿರುತ್ತದೆ. ಎದ್ದ ಮೇಲೆ ಐದು-ಹತ್ತು ನಿಮಿಷ ಓಡಾಡಿ. ಇದು ಮನೆಯ ತನಕ ತಲುಪಿಸುವ ಉಪಾಯ, ಇಡೀ ರಾತ್ರಿಯ ಸಾಲ ಇದರಿಂದ ತೀರೋದಿಲ್ಲ.

ಎಲ್ಲಿ ನಿಲ್ಲಿಸಬೇಕು ಅನ್ನೋದು ನಮ್ಮಲ್ಲಿ ದೊಡ್ಡ ಪ್ರಶ್ನೆ. ಗೋಣಿಕೊಪ್ಪದಿಂದ ಹುಣಸೂರಿಗೆ ಹೋಗುವಾಗ ನಿದ್ದೆ ಬರುವ ಹಾಗಿದ್ದರೆ ತಿತಿಮತಿಯಲ್ಲೇ ನಿಲ್ಲಿಸಿ, ಆನೆಚೌಕೂರಿನ ಕಾಡು ಹೊಕ್ಕ ಮೇಲೆ ಅಲ್ಲ. ಆನೆ ಓಡಾಡುವ ರಸ್ತೆಯಲ್ಲಿ ಲೈಟ್ ಆರಿಸಿ ಮಲಗಿದರೆ ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದಕ್ಕೆ ಸಿಕ್ಕಿಹಾಕಿಕೊಂಡ ಹಾಗೆ. ಪೆಟ್ರೋಲ್ ಬಂಕ್, ತೆರೆದಿರುವ ಹೋಟೆಲ್, ಬಸ್ ಸ್ಟ್ಯಾಂಡ್ ಹತ್ತಿರ ಸರಿ. ಎಂಜಿನ್ ಆಫ್ ಮಾಡಿ, ಗ್ಲಾಸು ಎರಡು ಬೆರಳಷ್ಟು ಇಳಿಸಿ. ಎಸಿ ಹಾಕಿ ಮುಚ್ಚಿದ ಗಾಡಿಯಲ್ಲಿ ಮಲಗಿದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿ ಜೀವವೇ ಹೋಗಬಹುದು.

ನೆಗಡಿ ಮಾತ್ರೆ ತೆಗೆದುಕೊಂಡ ದಿನ ಸ್ಟೇರಿಂಗ್ ಬೇರೆಯವರಿಗೆ ಕೊಡಿ, ಅವುಗಳಲ್ಲಿ ಹಲವು ಮಂಪರು ತರುತ್ತವೆ. ಜೋರಾಗಿ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವವರು ಡಾಕ್ಟರಿಗೆ ತೋರಿಸಿ.

ಕೊನೆಗೆ ಪಕ್ಕದ ಸೀಟಿನವರ ಕೆಲಸ. "ನಿದ್ದೆ ಬರ್ತಿದೆಯಾ?" ಅಂತ ಕೇಳಬೇಡಿ, "ಇಲ್ಲಪ್ಪ" ಅನ್ನೋದು ಎಲ್ಲರ ಉತ್ತರ. ಮಾವ ಈಗ ಬೇರೆ ಪ್ರಶ್ನೆ ಕಲಿತಿದ್ದಾರೆ: "ಈಗ ದಾಟಿದ್ದು ಯಾವ ಊರು?" ಉತ್ತರಕ್ಕೆ ನಾನು ಒಂದು ಕ್ಷಣ ತಡವರಿಸಿದರೂ ಸಾಕು, ಕೀ ಅವರ ಕೈಗೆ ಹೋಗುತ್ತದೆ.