ಕರೆಂಟಿಗೊಂದು ಅಟ್ಟ: ಶರಾವತಿ ನೀರಿನ ಬೆಲೆ ಬದಲಾಗುತ್ತಾ ಬಂದ ಕಥೆ

ಅಡಿಕೆ ಬೆಳೆಯುವವರಿಗೆ ಮಾರುಕಟ್ಟೆಯ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಸುಗ್ಗಿಯಲ್ಲಿ ದರ ಬಿದ್ದರೆ ಚೀಲ ಕಟ್ಟಿ ಅಟ್ಟಕ್ಕೆ ಏರಿಸುತ್ತಾರೆ. ದರ ಚೇತರಿಸಿದ ಮೇಲೆ ಸಾಗರದ ಮಂಡಿಗೆ ಒಯ್ಯುತ್ತಾರೆ. ಕರೆಂಟಿಗೆ ಇಂಥ ಅಟ್ಟ ಇಲ್ಲ. ತಯಾರಾದ ಆ ಕ್ಷಣದಲ್ಲೇ ಎಲ್ಲೋ ಒಂದು ಮೋಟಾರು ತಿರುಗಬೇಕು, ಎಲ್ಲೋ ಒಂದು ದೀಪ ಉರಿಯಬೇಕು. ಕರೆಂಟಿಗೂ ಒಂದು ಅಟ್ಟ ಕಟ್ಟಬೇಕು, ಅದು ಶರಾವತಿ ಕಣಿವೆಯಲ್ಲೇ ಆಗಬೇಕು ಅನ್ನುವುದು ಈಗಿನ ಯೋಜನೆ.

ಯೋಜನೆ ಹೀಗಿದೆ. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ನಡುವೆ 400 ಮೀಟರ್‌ಗೂ ಜಾಸ್ತಿ ಇಳಿಜಾರು. ಬೆಟ್ಟದೊಳಗೆ ಸುರಂಗ ಕೊರೆದು, ನೆಲದಡಿ ಪವರ್‌ಹೌಸ್ ಕಟ್ಟಿ, 250 ಮೆಗಾವ್ಯಾಟ್‌ನ 8 ಯಂತ್ರ ಕೂರಿಸುವುದು. ಒಟ್ಟು 2,000 ಮೆಗಾವ್ಯಾಟ್. ಕರೆಂಟು ಅಗ್ಗವಾಗಿರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ದುಬಾರಿಯಾದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ಕರೆಂಟು ಮಾಡುವುದು. ಇದಕ್ಕೆ ಪಂಪ್ಡ್ ಸ್ಟೋರೇಜ್ ಅನ್ನುತ್ತಾರೆ.

ಮೇಲೆತ್ತೋಕೆ ತಗಲುವ ಕರೆಂಟು ಯಾವಾಗಲೂ ವಾಪಸ್ ಸಿಗುವುದಕ್ಕಿಂತ ಜಾಸ್ತಿ. 100 ಯೂನಿಟ್ ಹಾಕಿದರೆ ಸುಮಾರು 75ರಿಂದ 80 ಯೂನಿಟ್ ಬರುತ್ತದೆ. ಹಾಗಾದರೆ ಇದರಲ್ಲಿ ಲಾಭ ಎಲ್ಲಿದೆ? ಅದು ಅರ್ಥವಾಗಬೇಕಾದರೆ 1948ರಿಂದ ಶುರು ಮಾಡಬೇಕು.

ಆ ವರ್ಷ ಜೋಗದ ಬುಡದಲ್ಲಿ ಪವರ್‌ಹೌಸ್ ಕೆಲಸ ಆರಂಭಿಸಿತು. ಮೊದಲು ಕೃಷ್ಣರಾಜೇಂದ್ರರ ಹೆಸರು, ಆಮೇಲೆ ಮಹಾತ್ಮ ಗಾಂಧಿ ಹೆಸರು. ಪೂರ್ತಿಯಾದಾಗ ಅದರ ಸಾಮರ್ಥ್ಯ 120 ಮೆಗಾವ್ಯಾಟ್. ಅದಕ್ಕೆ ನೀರು ಕೂಡಿಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿದರು. ರಾಜ್ಯದ ಹಸಿವಿಗೆ ಅದು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಬಂತು. ಸುಮಾರು 151 ಟಿಎಂಸಿ ನೀರು ಹಿಡಿಯುವ ಡ್ಯಾಂ, 300 ಚದರ ಕಿಲೋಮೀಟರ್‌ಗೂ ಹೆಚ್ಚು ಹಿನ್ನೀರು. ಹಳೇ ಅಣೆಕಟ್ಟೆಯೇ ಅದರೊಳಗೆ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರಿನ ಕಟ್ಟೆ ಮತ್ತೆ ಮೇಲೆ ಕಾಣುತ್ತದೆ. ಅದನ್ನು ನೋಡೋಕೆ ಜನ ಹೋಗುತ್ತಾರೆ. ಜೊತೆಗೆ ಮುಳುಗಿದ ಗದ್ದೆ, ತೋಟ, ಮನೆ, ದೇವಸ್ಥಾನಗಳನ್ನು ನೆನೆಯುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.

ಲಿಂಗನಮಕ್ಕಿಯ ನೀರು ತಳಕಳಲೆಗೆ ಹರಿದು, ಅಲ್ಲಿಂದ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅಲ್ಲಿರುವುದು 10 ಯಂತ್ರ, ಇವತ್ತಿನ ಸಾಮರ್ಥ್ಯ 1,035 ಮೆಗಾವ್ಯಾಟ್. ಹೊಸನಗರ ತಾಲ್ಲೂಕಿನಲ್ಲಿ ಪಕ್ಕದ ವಾರಾಹಿ ನದಿಗೆ ಮಾಣಿ ಡ್ಯಾಂ ಕಟ್ಟಿ ವಾರಾಹಿ ಯೋಜನೆ ತಂದದ್ದು ಆಮೇಲೆ. ಶರಾವತಿಯ ಕಡೇ ಮೆಟ್ಟಿಲು ಗೇರುಸೊಪ್ಪ, 240 ಮೆಗಾವ್ಯಾಟ್, 2000ದ ದಶಕದ ಆರಂಭದಲ್ಲಿ ಸೇರಿತು. ಒಂದೇ ನೀರು ಸಮುದ್ರ ಸೇರುವ ಮೊದಲು ಹಲವು ಸಲ ದುಡಿಯುತ್ತದೆ.

ಆ ಕಾಲದಲ್ಲಿ ಕರೆಂಟಿಗೆ ಮಾರುಕಟ್ಟೆ ಅನ್ನುವುದೇ ಇರಲಿಲ್ಲ. ವಿದ್ಯುತ್ ಮಂಡಳಿ ಒಂದೇ. ಅದೇ ತರುವುದು, ಅದೇ ಹಂಚುವುದು. ಮಳೆ ಚೆನ್ನಾಗಿ ಬಂದರೆ ರಾಜ್ಯಕ್ಕೆ ಬೆಳಕು, ಮಳೆ ಕೈಕೊಟ್ಟರೆ ಲೋಡ್ ಶೆಡ್ಡಿಂಗ್. ಆ ಅವಲಂಬನೆ ತಪ್ಪಿಸಲು ಕಲ್ಲಿದ್ದಲು ಬಂತು. 1985ರಲ್ಲಿ ರಾಯಚೂರಿನ ಮೊದಲ ಘಟಕ ಶುರುವಾಯಿತು. ಆಮೇಲೆ ಕೈಗಾದ ಅಣು ವಿದ್ಯುತ್ತೂ ಸೇರಿತು. ಇಲ್ಲಿ ನಮ್ಮ ನೀರಿನ ಕೆಲಸ ಮೊದಲ ಸಲ ಬದಲಾಯಿತು. ಕಲ್ಲಿದ್ದಲ ಸ್ಥಾವರವನ್ನು ಬೇಕೆಂದಾಗ ಹಚ್ಚಿ, ಬೇಡವೆಂದಾಗ ಆರಿಸೋಕೆ ಆಗುವುದಿಲ್ಲ. ಬಿಸಿಯಾಗೋಕೆ ಗಂಟೆಗಟ್ಟಲೆ ಬೇಕು. ನೀರಿನ ಯಂತ್ರ ಕೆಲವೇ ನಿಮಿಷದಲ್ಲಿ ತಿರುಗುತ್ತದೆ. ಹಾಗಾಗಿ ದಿನವಿಡೀ ಉರಿಯುವುದು ಕಲ್ಲಿದ್ದಲಿನ ಪಾಲಾಯಿತು. ಬೆಳಿಗ್ಗೆ ಮತ್ತು ಸಂಜೆಯ ನೂಕುನುಗ್ಗಲು ಹೊರುವುದು ಶರಾವತಿಯ ಪಾಲಾಯಿತು.

ಇನ್ನೊಂದು ಬದಲಾವಣೆ ಕಾಗದದ ಮೇಲೆ ನಡೆಯಿತು. 1999ರಲ್ಲಿ ಮಂಡಳಿಯನ್ನು ಒಡೆದರು. ವಿದ್ಯುತ್ ನಿಯಂತ್ರಣ ಆಯೋಗ ಬಂತು. 2002ರಲ್ಲಿ ಹಂಚಿಕೆಯ ಕಂಪನಿಗಳಾದವು, ಶಿವಮೊಗ್ಗ ಮೆಸ್ಕಾಂ ಪಾಲಿಗೆ ಹೋಯಿತು. 2003ರ ವಿದ್ಯುತ್ ಕಾಯ್ದೆ ಕರೆಂಟಿನ ವ್ಯಾಪಾರಕ್ಕೆ ಬಾಗಿಲು ತೆರೆಯಿತು. 2008ರಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳು ಶುರುವಾದವು.

ಆ ಕೇಂದ್ರ ನಡೆಯುವ ಬಗೆ ಸ್ವಲ್ಪ ನೋಡಬೇಕು. ದಿನವನ್ನು 15 ನಿಮಿಷದ 96 ತುಂಡು ಮಾಡುತ್ತಾರೆ. ಪ್ರತಿ ತುಂಡಿಗೂ ಬೇರೆ ಹರಾಜು. ಮಾರುವವರನ್ನು ಕಡಿಮೆ ದರದಿಂದ ಮೇಲಕ್ಕೆ ಸಾಲಾಗಿ ಜೋಡಿಸುತ್ತಾರೆ. ಬೇಡಿಕೆ ಪೂರೈಸಲು ಕೊನೆಗೆ ಯಾರು ಬೇಕಾದರೋ ಅವರ ದರವೇ ಎಲ್ಲರ ದರ. ಮಧ್ಯಾಹ್ನ ಸಾಲಿನ ಮುಂದೆ ಸೋಲಾರ್ ನಿಂತಿರುತ್ತದೆ. ಅದಕ್ಕೆ ಇಂಧನದ ಖರ್ಚೇ ಇಲ್ಲ, ದರ ಇಳಿಯುತ್ತದೆ. ಸಂಜೆ 7ಕ್ಕೆ ಸೂರ್ಯ ಇಲ್ಲ, ದುಬಾರಿ ಸ್ಥಾವರಗಳನ್ನು ಕರೆಯಲೇಬೇಕು. 2025ರ ಮೇ ತಿಂಗಳಲ್ಲಿ ಹಗಲು ಹೊತ್ತಿನ ದರ ಕೆಲವು ಸಲ ಸೊನ್ನೆಯ ಹತ್ತಿರ ಇಳಿದಿತ್ತು. ಬೇಡಿಕೆ ಏರಿದ ರಾತ್ರಿಗಳಲ್ಲಿ ಅದೇ ಯೂನಿಟ್ 10 ರೂಪಾಯಿಯ ಮಿತಿಯನ್ನು ಮುಟ್ಟುವುದುಂಟು.

ಹಾಗಾದರೆ ನಮ್ಮ ಬಿಲ್ಲು ಯಾಕೆ ಇಳಿಯುವುದಿಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಂಚಿಕೆ ಕಂಪನಿಗಳು ಕೊಳ್ಳುವ ಕರೆಂಟಿನ ಬಹುಪಾಲು ಈ ಹರಾಜಿನಿಂದ ಬರುವುದಿಲ್ಲ, 25 ವರ್ಷದಂಥ ದೀರ್ಘ ಒಪ್ಪಂದಗಳಿಂದ ಬರುತ್ತದೆ. ಕಲ್ಲಿದ್ದಲ ಸ್ಥಾವರದಿಂದ ಕರೆಂಟು ಕೊಳ್ಳದೆ ಸುಮ್ನೆ ನಿಲ್ಲಿಸಿದರೂ ಅದರ ನಿಗದಿತ ಶುಲ್ಕ ಕಟ್ಟಬೇಕು. ಆ ಹಣ ಬಿಲ್ಲಿನಲ್ಲೋ ಸರ್ಕಾರದ ಸಬ್ಸಿಡಿಯಲ್ಲೋ ಸೇರಿಕೊಂಡಿರುತ್ತದೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬಂದ ಮನೆಯ ಕರೆಂಟಿಗೂ ಯಾರೋ ದುಡ್ಡು ಕೊಟ್ಟಿರುತ್ತಾರೆ.

ಸೋಲಾರ್ ಇಷ್ಟು ಬೇಗ ಅಗ್ಗವಾಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ. 2010ರ ಸುಮಾರಿಗೆ ಯೂನಿಟ್‌ಗೆ 10 ರೂಪಾಯಿ ಮೀರಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ 2 ರೂಪಾಯಿ 44 ಪೈಸೆಗೆ ಬಂತು. ನಮ್ಮ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಪಾರ್ಕ್ ಎದ್ದಿತು. 2018ರ ಹೊತ್ತಿಗೆ ಕರ್ನಾಟಕ ನವೀಕರಿಸಬಹುದಾದ ವಿದ್ಯುತ್ತಿನಲ್ಲಿ ತಮಿಳುನಾಡನ್ನು ಹಿಂದೆ ಹಾಕಿತ್ತು. ಇದು ನಿಜವಾಗಿಯೂ ಹೆಮ್ಮೆಯ ವಿಷಯ. ಆದರೆ ಬಿಸಿಲು ಸಂಜೆಯವರೆಗೆ ಕಾಯುವುದಿಲ್ಲ.

ಇಲ್ಲಿ ಅಟ್ಟಕ್ಕೆ ಬೆಲೆ ಬಂತು. ಒಂದು ಲೆಕ್ಕ ಹಾಕಿ ನೋಡೋಣ. ಮಧ್ಯಾಹ್ನ 2 ರೂಪಾಯಿಯಂತೆ 100 ಯೂನಿಟ್ ಕೊಂಡರೆ 200 ರೂಪಾಯಿ. ವಾಪಸ್ ಸಿಗುವುದು 80 ಯೂನಿಟ್. ಅಂದರೆ ಯೂನಿಟ್‌ಗೆ ಎರಡೂವರೆ ರೂಪಾಯಿ ಬಿತ್ತು. ಸಂಜೆ 8 ರೂಪಾಯಿಗೆ ಮಾರಿದರೆ ನಷ್ಟವಾದ 20 ಯೂನಿಟ್ ಲೆಕ್ಕಕ್ಕೇ ಬರುವುದಿಲ್ಲ. ಕಟ್ಟಡದ ಸಾಲ, ಬಡ್ಡಿ ತೀರಿಸಲು ದುಡ್ಡು ಉಳಿಯುತ್ತದೆ. ನೀರಿನ ಕೆಲಸ ಎರಡನೇ ಸಲ ಬದಲಾಗುವುದು ಈ ಲೆಕ್ಕದಿಂದ. ಅದಿನ್ನು ಪಾವಗಡದ ಬಿಸಿಲನ್ನು ಸಂಜೆವರೆಗೆ ಕಾಪಾಡಬೇಕು.

ಬೇರೆ ದಾರಿಯೂ ಇದೆ. ಕರೆಂಟನ್ನು ದೊಡ್ಡ ಬ್ಯಾಟರಿಯಲ್ಲೂ ಕೂಡಿಡಬಹುದು. ಅದರ ಬಾಡಿಗೆ 2022ರ ಹರಾಜಿನಲ್ಲಿ ಮೆಗಾವ್ಯಾಟ್‌ಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಾಟಿತ್ತು. 2024ರ ಕೊನೆಯಲ್ಲಿ ಸರ್ಕಾರದ ನೆರವೂ ಸೇರಿ ಎರಡೂವರೆ ಲಕ್ಷದೊಳಗೆ ಬಂತು. ಬ್ಯಾಟರಿಯ ಆಯಸ್ಸು ಕಡಿಮೆ, ಅದು ನಿಜ. ಸುರಂಗ ಮತ್ತು ಯಂತ್ರ ದಶಕಗಟ್ಟಲೆ ಬಾಳುತ್ತವೆ. ಆದರೆ ಬ್ಯಾಟರಿಗೆ ಕಾಡು ಕಡಿಯಬೇಕಾಗಿಲ್ಲ, ಊರ ಪಕ್ಕದ ಸಬ್‌ಸ್ಟೇಷನ್ ಅಂಗಳದಲ್ಲೇ ಇಡಬಹುದು. ಇನ್ನೂ ಅಗ್ಗದ ದಾರಿ, ಬಳಕೆಯನ್ನೇ ಹಗಲಿಗೆ ತರುವುದು. ತೋಟದ ಮೋಟಾರಿಗೆ ರಾತ್ರಿ ಬದಲು ಹಗಲು ತ್ರೀ ಫೇಸ್ ಕೊಟ್ಟರೆ ಅಷ್ಟು ಕರೆಂಟನ್ನು ಕೂಡಿಡುವ ಅಗತ್ಯವೇ ಬೀಳುವುದಿಲ್ಲ. ರಾತ್ರಿ ಹಾವಿನ ಭಯದಲ್ಲಿ ತೋಟಕ್ಕೆ ಹೋಗುವುದೂ ತಪ್ಪುತ್ತದೆ. ಇದನ್ನು ಪೂರ್ತಿ ಮಾಡಿ ಮುಗಿಸದೆ ಸುರಂಗಕ್ಕೆ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಯಾಕೆಂದರೆ ಜಾಗ ಸಾಮಾನ್ಯದ್ದಲ್ಲ. ಯೋಜನೆ ಬರುವುದು ಸಿಂಗಳೀಕದ ಅಭಯಾರಣ್ಯದೊಳಗೆ. ಹೊಸ ಡ್ಯಾಂ ಕಟ್ಟಬೇಕಾಗಿಲ್ಲ ಅನ್ನುವುದು ಅದರ ಪರವಾದ ಗಟ್ಟಿ ಮಾತು, ಒಪ್ಪುತ್ತೇನೆ. ಆದರೂ 50 ಹೆಕ್ಟೇರ್‌ಗೂ ಹೆಚ್ಚು ಕಾಡು, ಸಾವಿರಾರು ಮರ ಹೋಗುತ್ತವೆ. ಸಿಂಗಳೀಕ ಮರದಿಂದ ಮರಕ್ಕೆ ಹೋಗಿ ಬದುಕುವ ಪ್ರಾಣಿ. ರಸ್ತೆ ಅಗಲವಾಗಿ ಮೇಲಿನ ಕೊಂಬೆಗಳ ಸೇತುವೆ ಕಡಿದರೆ ಅದರ ದಾರಿಯೇ ಕಡಿದಂತೆ.

ಇನ್ನು ಜನರ ಲೆಕ್ಕ. ಪಾವಗಡದಲ್ಲಿ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಏರಿಕೆ. ಕೂಲಿ ಮಾಡುತ್ತಿದ್ದ ಭೂಮಿ ಇಲ್ಲದವರಿಗೆ ಅದರಿಂದ ಏನೂ ಸಿಗಲಿಲ್ಲ ಎಂಬ ಕೊರಗು ಅಲ್ಲಿದೆ. ಆದರೂ ಭೂಮಿ ರೈತನ ಹೆಸರಲ್ಲೇ ಉಳಿಯಿತು. ಶರಾವತಿಯಲ್ಲಿ ಭೂಮಿ ನೀರಿನಡಿ ಹೋಯಿತು. ಮುಳುಗಡೆಯವರನ್ನು ಲಾರಿಯಲ್ಲಿ ತಂದು ಬಿಟ್ಟದ್ದು ಕಾಡಿನ ಜಾಗಕ್ಕೆ. ಆ ಜಾಗಕ್ಕೆ ಹಕ್ಕುಪತ್ರ ಬೇಕೆಂದು ಮೂರನೇ ತಲೆಮಾರು ಇನ್ನೂ ಮೆರವಣಿಗೆ ಮಾಡುತ್ತಿದೆ. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಹಿನ್ನೀರಿನ ಆಚೆಯವರಿಗೆ ಲಾಂಚೇ ಗತಿ. ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ ಎಂದು ಆ ಊರಿನ ಹೆಂಗಸರನ್ನು ಕೇಳಬೇಕು.

ಶರಾವತಿ ಕರೆಂಟು ರಾಜ್ಯದಲ್ಲೇ ಅತಿ ಅಗ್ಗದ ಕರೆಂಟುಗಳಲ್ಲಿ ಒಂದು ಎಂದು ಹೊಗಳುತ್ತಾರೆ. ಅಗ್ಗವಾದದ್ದು ಹೇಗೆ? ಯಂತ್ರದ ಸಾಲ ತೀರಿ ಎಷ್ಟೋ ವರ್ಷವಾಯಿತು, ಮಳೆಗೆ ದುಡ್ಡು ಕೊಡಬೇಕಾಗಿಲ್ಲ. ಜೊತೆಗೆ ಮುಳುಗಿದ ಊರಿನ ಖರ್ಚು ಆ ದರದಲ್ಲಿ ಯಾವತ್ತೂ ಸೇರಲೇ ಇಲ್ಲ.

ಈ ತಪ್ಪನ್ನು ದೇಶ ಒಮ್ಮೆ ಒಪ್ಪಿಕೊಂಡಿತ್ತು. 2008ರ ಜಲವಿದ್ಯುತ್ ನೀತಿಯಲ್ಲಿ ಹೊಸ ಯೋಜನೆಗಳ ಕರೆಂಟಿನಲ್ಲಿ ಶೇ. 1ರಷ್ಟನ್ನು ಸ್ಥಳೀಯ ಅಭಿವೃದ್ಧಿ ನಿಧಿಗೆ ಇಡಬೇಕು ಎಂದು ಬರೆದರು. ಯೋಜನೆಯಿಂದ ತೊಂದರೆಗೊಳಗಾದ ಪ್ರತಿ ಕುಟುಂಬಕ್ಕೆ 10 ವರ್ಷ ತಿಂಗಳಿಗೆ 100 ಯೂನಿಟ್ ಎಂದೂ ಬರೆದರು. ಅದು ಶರಾವತಿಯ ಮುಳುಗಡೆಗೆ 44 ವರ್ಷ ತಡವಾಗಿತ್ತು. ಇನ್ನು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಂಪ್ಡ್ ಸ್ಟೋರೇಜ್‌ಗೆ ಮಾರ್ಗಸೂಚಿ ಹೊರಡಿಸಿತು. ಇವುಗಳಿಂದ ಪರಿಸರಕ್ಕೆ ಹಾನಿ ತೀರಾ ಕಡಿಮೆ, ಜನರ ಪುನರ್ವಸತಿಯ ಪ್ರಶ್ನೆಯೇ ಇಲ್ಲ ಎಂಬ ಕಾರಣ ಕೊಟ್ಟು ಆ ಸ್ಥಳೀಯ ನಿಧಿಯಿಂದ ಇವಕ್ಕೆ ವಿನಾಯಿತಿ ಕೊಟ್ಟರು.

ಖಾಲಿ ಗುಡ್ಡದ ಮೇಲೆ ಎರಡು ಹೊಂಡ ತೋಡುವ ಯೋಜನೆಗೆ ಆ ಮಾತು ಒಪ್ಪಬಹುದೇನೋ. ತಳಕಳಲೆಗೂ ಗೇರುಸೊಪ್ಪಕ್ಕೂ ಅದು ಒಪ್ಪುವುದಿಲ್ಲ. ಈ ಯೋಜನೆ ಅಗ್ಗವಾಗಿ ಕಾಣುವುದೇ ಎರಡೂ ಜಲಾಶಯ ಮೊದಲೇ ಇರುವುದರಿಂದ. ಅವು ಇರುವುದು ಕಣಿವೆಯ ಜನ ಊರು ಬಿಟ್ಟದ್ದರಿಂದ, ಕಾಡು ಮುಳುಗಿದ್ದರಿಂದ. ಕೂಡಿಟ್ಟ ಕರೆಂಟಿಗೆ ದರ ಕಟ್ಟುವಾಗ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಒಂದು ಪಟ್ಟಿ ಬರುತ್ತದೆ. ಸಾಲ, ಬಡ್ಡಿ, ಸವಕಳಿ, ನೀರೆತ್ತಿದ ಕರೆಂಟಿನ ಖರ್ಚು, ನಿರ್ವಹಣೆ. ದರದ ಅರ್ಜಿಯ ಮೇಲೆ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುತ್ತಾರೆ, ಯಾರು ಬೇಕಾದರೂ ಬರೆದುಕೊಡಬಹುದು. ಆ ಪಟ್ಟಿಯಲ್ಲಿ ಮುಳುಗಡೆ ಕುಟುಂಬಗಳಿಗೂ ಸಿಂಗಳೀಕದ ಕಾಡಿಗೂ ಒಂದೊಂದು ಸಾಲು ಸೇರಿಸಿ ಎಂದು ನಾನು ಬರೆಯುತ್ತೇನೆ. ಸಾಗರ, ಹೊಸನಗರದವರೂ ಬರೆಯಲಿ.